ಕಂಪನಿ ಕೈಬಿಟ್ಟ ಮೇಲೆ ಫೋನು ಯಾರದು? ಕೀಬೋರ್ಡ್ ಮೊಬೈಲುಗಳ ಒಳಗಿನ ರಾಜಕೀಯ

ಎರಡು ಫೋನುಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಮೊದಲನೆಯದು ಮೊಟೊರೊಲಾ ಡ್ರಾಯ್ಡ್ 4. 2012ರ ಫೆಬ್ರವರಿಯಲ್ಲಿ ಅಮೆರಿಕದ ವೆರಿಝಾನ್ ಮಾರಾಟಕ್ಕಿಟ್ಟಿದ್ದು. ಪರದೆಯನ್ನು ಪಕ್ಕಕ್ಕೆ ಜಾರಿಸಿದರೆ ಅಡಿಯಿಂದ ಐದು ಸಾಲಿನ ಪೂರ್ತಿ ಕೀಬೋರ್ಡ್ ಹೊರಗೆ ಬರುತ್ತೆ. ರ‍್ಯಾಮ್ ಬರೀ 1 ಜಿಬಿ. ಎರಡನೆಯದು ಬ್ಲ್ಯಾಕ್‌ಬೆರಿ ಕೀ2. 2018ರದ್ದು, ರ‍್ಯಾಮ್ 6 ಜಿಬಿ, ಅದಕ್ಕೂ ಅಚ್ಚುಕಟ್ಟಾದ ಕೀಬೋರ್ಡ್ ಇದೆ.

ಈ ಎರಡರಲ್ಲಿ ಇವತ್ತು ಹೊಸ ಸಾಫ್ಟ್‌ವೇರ್ ಹಾಕಿಕೊಂಡು ಓಡಿಸಬಹುದಾದದ್ದು ಯಾವುದು ಅಂತ ಕೇಳಿದರೆ ಯಾರಾದರೂ ಎರಡನೆಯದನ್ನೇ ತೋರಿಸುತ್ತಾರೆ. ಆದರೆ ಉತ್ತರ ಉಲ್ಟಾ. ಡ್ರಾಯ್ಡ್ 4ಕ್ಕೆ ಬೇಕಾದ ಕೋಡ್ ಲಿನಕ್ಸ್ ಕರ್ನೆಲ್‌ನ ಮುಖ್ಯ ಆವೃತ್ತಿಯೊಳಗೇ ಸೇರಿದೆ. ಮಾಯೆಮೊ ಲೆಸ್ಟೆ, ಪೋಸ್ಟ್‌ಮಾರ್ಕೆಟ್‌ಓಎಸ್‌ನಂಥ ವ್ಯವಸ್ಥೆಗಳು ಅದರ ಮೇಲೆ ನಡೆಯುತ್ತವೆ. ಅದಕ್ಕಿಂತ ಆರು ವರ್ಷ ಚಿಕ್ಕದಾದ, ಅದಕ್ಕಿಂತ ಎಷ್ಟೋ ಬಲಶಾಲಿಯಾದ ಕೀ2 ಮಾತ್ರ ಆಂಡ್ರಾಯ್ಡ್ 8.1ರಲ್ಲೇ ನಿಂತುಬಿಟ್ಟಿದೆ. ಹುಟ್ಟಿದ ಆವೃತ್ತಿಯಲ್ಲೇ ಸತ್ತಿತು.

ಈ ವ್ಯತ್ಯಾಸಕ್ಕೆ ಕಾರಣ ಯಂತ್ರದ ತಾಕತ್ತಲ್ಲ, ಕೀಲಿ. ಇಲ್ಲಿ ಕೀಲಿ ಅಂದರೆ ಟೈಪ್ ಮಾಡುವ ಕೀ ಅಲ್ಲ, ಬೀಗದ ಕೀ. ಬ್ಲ್ಯಾಕ್‌ಬೆರಿ ತನ್ನ ಆಂಡ್ರಾಯ್ಡ್ ಫೋನುಗಳ ಬೂಟ್‌ಲೋಡರನ್ನು ಯಾವತ್ತೂ ತೆರೆಯಲು ಬಿಡಲಿಲ್ಲ. ಫೋನ್ ಆನ್ ಮಾಡಿದ ಕೂಡಲೇ ಮೊದಲು ಏಳುವ, "ಯಾವ ಸಾಫ್ಟ್‌ವೇರ್ ಒಳಗೆ ಬರಬಹುದು" ಅಂತ ತೀರ್ಮಾನಿಸುವ ಸಣ್ಣ ಪ್ರೋಗ್ರಾಂ ಅದು. ಕಂಪನಿಯ ಸಹಿ ಇಲ್ಲದ ಯಾವುದನ್ನೂ ಅದು ಒಳಗೆ ಬಿಡುವುದಿಲ್ಲ. ಭದ್ರತೆಯೇ ಬ್ಲ್ಯಾಕ್‌ಬೆರಿಯ ಬಂಡವಾಳವಾಗಿತ್ತು, ಹಾಗಾಗಿ ಬೀಗ ಹಾಕಿದ್ದು ಅರ್ಥವಾಗುತ್ತೆ. ಆದರೆ ಆ ಫೋನುಗಳನ್ನು ತಯಾರಿಸುತ್ತಿದ್ದ ಟಿಸಿಎಲ್ 2020ರ ಆಗಸ್ಟ್ ಕೊನೆಗೆ ಮಾರಾಟ ನಿಲ್ಲಿಸಿತು. ಅದೇ ತಿಂಗಳು "ನಾವು 5ಜಿ ಕೀಬೋರ್ಡ್ ಫೋನ್ ತರ್ತೀವಿ" ಅಂತ ಬಂದ ಆನ್‌ವರ್ಡ್‌ಮೊಬಿಲಿಟಿ ಒಂದೇ ಒಂದು ಫೋನನ್ನೂ ಮಾರದೆ 2022ರ ಫೆಬ್ರವರಿಯಲ್ಲಿ ಬಾಗಿಲು ಮುಚ್ಚಿತು. ಅಂಗಡಿಯೇ ಇಲ್ಲ, ಆದರೆ ಬೀಗ ಮಾತ್ರ ಹಾಗೇ ಇದೆ.

ಕೀಬೋರ್ಡ್ ಫೋನ್ ಅನ್ನೋದು ಇವತ್ತು ಒಂದು ಹಳೇ ಕಾಲದ ಶೋಕಿಯ ಹಾಗೆ ಕಾಣುತ್ತೆ. ನಿಮ್ಮಲ್ಲಿ ಬಹಳ ಮಂದಿ ಅಂಥದ್ದನ್ನು ಕೈಯಲ್ಲಿ ಹಿಡಿದೇ ಇರಲಿಕ್ಕಿಲ್ಲ. ಹಾಗಿದ್ದೂ ಈ ಪುಟ್ಟ ಮೂಲೆಯನ್ನು ಗಮನಿಸಬೇಕು ಅನ್ನೋದಕ್ಕೆ ಕಾರಣವಿದೆ. ಕೋಟಿಗಟ್ಟಲೆ ಮಾರುವ ಫೋನಿನಲ್ಲಿ ಮಾಲೀಕತ್ವದ ಪ್ರಶ್ನೆ ಏಳೋದೇ ಇಲ್ಲ, ಯಾಕೆಂದರೆ ಅದು ಹಳತಾಗುವ ಹೊತ್ತಿಗೆ ಹೊಸದೊಂದು ಅಂಗಡಿಯಲ್ಲಿ ಕಾಯುತ್ತಿರುತ್ತೆ. ಕೀಬೋರ್ಡ್ ಫೋನಿನವರಿಗೆ ಆ ಹೊಸದು ಇಲ್ಲ. ಕಣ್ಣು ಮಂಜಾದವರು, ಬೆರಳ ತುದಿಯ ಸ್ಪರ್ಶದಿಂದಲೇ ಅಕ್ಷರ ಗುರುತಿಸುವವರು, ಬಸ್ಸಿನಲ್ಲಿ ಕೂತು ದೂರದ ಸರ್ವರ್ ರಿಪೇರಿ ಮಾಡುವವರು, ಉದ್ದುದ್ದ ವರದಿ ಟೈಪಿಸುವವರು, ಇವರಿಗೆಲ್ಲ ಇರುವ ಫೋನೇ ಉಳಿಯಬೇಕು. ಹಾಗಾಗಿ "ಕಂಪನಿ ಕೈಬಿಟ್ಟ ಮೇಲೆ ಏನು?" ಅನ್ನೋ ಪ್ರಶ್ನೆ ಅವರಿಗೆ ನಮಗಿಂತ ಹತ್ತು ವರ್ಷ ಮೊದಲೇ ಬಂತು. ಅವರು ಕಂಡುಕೊಂಡ ಉತ್ತರಗಳೂ, ಬಿದ್ದ ಹೊಂಡಗಳೂ ನಮ್ಮೆಲ್ಲರ ಮುಂದಿನ ಕಥೆ.

ನೋಕಿಯಾ ಬಿಟ್ಟುಹೋದ ಬಾಗಿಲು

ಈ ಕಥೆ ಶುರುವಾಗೋದು 2009ರ ನವೆಂಬರ್‌ನಲ್ಲಿ, ನೋಕಿಯಾ ಎನ್900 ಬಂದಾಗ. ಅದರೊಳಗಿದ್ದದ್ದು ಮಾಯೆಮೊ 5, ಅಂದರೆ ಹೆಚ್ಚುಕಡಿಮೆ ಡೆಬಿಯನ್ ಲಿನಕ್ಸ್. ಜಾರುವ ಕೀಬೋರ್ಡ್, 256 ಎಂಬಿ ರ‍್ಯಾಮ್, ಮತ್ತು ಫೋನಿನಲ್ಲೇ ತೆರೆದುಕೊಳ್ಳುವ ಟರ್ಮಿನಲ್. 2011ರ ಫೆಬ್ರವರಿಯಲ್ಲಿ ನೋಕಿಯಾ ವಿಂಡೋಸ್ ಫೋನ್ ಹಿಂದೆ ಹೊರಟಿತು. ಆಮೇಲೆ ಏನಾಯ್ತು ಎಲ್ಲರಿಗೂ ಗೊತ್ತು.

ಆದರೆ ಎನ್900 ಸಾಯಲಿಲ್ಲ. ಅದನ್ನು ಬಳಸುತ್ತಿದ್ದ ಪ್ರೋಗ್ರಾಮರುಗಳೇ ಕ್ಯಾಮೆರಾ, ಮೋಡೆಮ್, ಕೀಬೋರ್ಡ್, ಬ್ಯಾಟರಿ ಅಳೆಯುವ ಚಿಪ್, ಹೀಗೆ ಒಂದೊಂದನ್ನೇ ಮುಖ್ಯ ಲಿನಕ್ಸ್ ಕರ್ನೆಲ್‌ಗೆ ಸೇರಿಸುತ್ತಾ ಹೋದರು. ವರ್ಷಗಟ್ಟಲೆ ಹಿಡಿದ, ಸಂಬಳವಿಲ್ಲದ ಕೆಲಸ ಅದು. ಅವರಿಗೆ ಮೂರು ಅನುಕೂಲ ಇದ್ದವು. ಫೋನಿನ ಬೀಗ ಸಡಿಲವಾಗಿತ್ತು. ಅದರ ಕೋಡ್‌ನ ಬಹುಪಾಲು ಬಹಿರಂಗವಾಗಿತ್ತು. ಮೂರನೆಯದು, ಅದರ ಒಮ್ಯಾಪ್ ಚಿಪ್ಪನ್ನು ತಯಾರಿಸಿದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಆ ಚಿಪ್ಪಿನ ಸಾವಿರಾರು ಪುಟಗಳ ತಾಂತ್ರಿಕ ಕೈಪಿಡಿಯನ್ನು ಯಾರು ಬೇಕಾದರೂ ಓದಲಿ ಅಂತ ಹೊರಗಿಟ್ಟಿತ್ತು. ಡ್ರಾಯ್ಡ್ 4ರಲ್ಲಿರೋದೂ ಅದೇ ಒಮ್ಯಾಪ್ ಕುಟುಂಬದ ಚಿಪ್. 2012ರಲ್ಲಿ ಆ ಕಂಪನಿ ಮೊಬೈಲ್ ಚಿಪ್ ವ್ಯವಹಾರದಿಂದಲೇ ಹಿಂದೆ ಸರಿಯಿತು. ಕೈಪಿಡಿ ಉಳಿಯಿತು, ಅದರಿಂದ ಫೋನೂ ಉಳಿಯಿತು.

ಪೂರ್ತಿ ಉಳಿಯಿತಾ ಅಂದರೆ, ಇಲ್ಲ. ಆ ಚಿಪ್ಪಿನೊಳಗಿನ ಪವರ್‌ವಿಆರ್ ಗ್ರಾಫಿಕ್ಸ್ ಭಾಗದ ಕೋಡ್ ಬೇರೆ ಕಂಪನಿಯದು, ಮುಚ್ಚಿದ್ದು. ಎಲ್ಲ ಓಡುತ್ತೆ, ಪರದೆಯ ಚಿತ್ರ ಮಾತ್ರ ನುಣುಪಾಗಿ ಓಡಲು ವರ್ಷಗಟ್ಟಲೆ ಒದ್ದಾಟ. ಒಂದು ಫೋನಿನ ಶೇಕಡಾ ತೊಂಬತ್ತೊಂಬತ್ತು ತೆರೆದಿದ್ದು ಒಂದು ಮೂಲೆ ಮುಚ್ಚಿದ್ದರೂ ಆ ಒಂದು ಮೂಲೆಯೇ ಇಡೀ ಫೋನಿನ ಆಯುಷ್ಯವನ್ನು ಬರೆಯುತ್ತೆ.

"ಓಪನ್ ಸೋರ್ಸ್" ಅಂತ ಬರೆದರೆ ಸಾಕಾ?

ಆಂಡ್ರಾಯ್ಡ್ ಓಪನ್ ಸೋರ್ಸ್ ಅಲ್ವಾ, ಮತ್ತೇನು ತಕರಾರು ಅಂತ ಕೇಳಬಹುದು. ಇಲ್ಲೇ ಸ್ವಲ್ಪ ನಿಧಾನವಾಗಿ ನೋಡಬೇಕು.

ಆಂಡ್ರಾಯ್ಡಿನ ಬುಡದಲ್ಲಿರೋದು ಲಿನಕ್ಸ್ ಕರ್ನೆಲ್. ಅದರ ಪರವಾನಗಿ ಜಿಪಿಎಲ್‌ನ ಎರಡನೇ ಆವೃತ್ತಿ. ಈ ಕರ್ನೆಲ್ ಹಾಕಿದ ಫೋನನ್ನು ಯಾರಿಗಾದರೂ ಮಾರಿದರೆ, ಕೇಳಿದವರಿಗೆ ಅದರ ಸೋರ್ಸ್ ಕೋಡ್ ಕೊಡಬೇಕು ಅನ್ನೋದು ಕರಾರು. ಒಳ್ಳೆಯ ಕರಾರೇ. ಆದರೆ ಅದರಲ್ಲೊಂದು ತೂತಿದೆ. ಕೋಡ್ ಕೊಡಬೇಕು ಅಂತ ಹೇಳುತ್ತೆ, ನೀವು ತಿದ್ದಿದ ಕೋಡನ್ನು ಅದೇ ಯಂತ್ರದಲ್ಲಿ ಓಡಿಸಲು ಬಿಡಬೇಕು ಅಂತ ಸ್ಪಷ್ಟವಾಗಿ ಹೇಳೋದಿಲ್ಲ. ಅಮೆರಿಕದ ಟಿವೊ ಎಂಬ ವಿಡಿಯೊ ರೆಕಾರ್ಡರ್ ಕಂಪನಿ ಈ ತೂತಿನಲ್ಲೇ ನುಸುಳಿತ್ತು: ಕೋಡ್ ತಗೊಳ್ಳಿ, ಆದರೆ ನಮ್ಮ ಸಹಿ ಇಲ್ಲದೆ ಪೆಟ್ಟಿಗೆ ಓಡಲ್ಲ. ಇದನ್ನು ಮುಚ್ಚಲೆಂದೇ 2007ರಲ್ಲಿ ಜಿಪಿಎಲ್ ಮೂರನೇ ಆವೃತ್ತಿ ಬಂತು. ಲಿನಸ್ ಟೊರ್ವಾಲ್ಡ್ಸ್ ಅದನ್ನು ಒಪ್ಪಲಿಲ್ಲ. ಯಂತ್ರ ಹೇಗಿರಬೇಕು ಅಂತ ಹೇಳುವುದು ಸಾಫ್ಟ್‌ವೇರ್ ಪರವಾನಗಿಯ ಕೆಲಸವಲ್ಲ ಅನ್ನೋದು ಅವರ ನಿಲುವು. ಲಿನಕ್ಸ್ ಎರಡನೇ ಆವೃತ್ತಿಯಲ್ಲೇ ಉಳಿಯಿತು. ಇಪ್ಪತ್ತು ವರ್ಷದ ಹಿಂದಿನ ಈ ಜಗಳವನ್ನು ಆಗ ಬಹುಪಾಲು ಜನ ಗಡ್ಡಧಾರಿಗಳ ಸಿದ್ಧಾಂತದ ಚರ್ಚೆ ಅಂತ ನಕ್ಕು ಬಿಟ್ಟಿದ್ದರು. ಕೀ2 ಕೈಯಲ್ಲಿ ಹಿಡಿದವನಿಗೆ ಅದು ಸಿದ್ಧಾಂತವಲ್ಲ.

ಇನ್ನು ಕರ್ನೆಲ್‌ನ ಆಚೆಗೆ ಮೋಡೆಮ್, ಗ್ರಾಫಿಕ್ಸ್, ಕ್ಯಾಮೆರಾ, ಬೆರಳಚ್ಚು ಸೆನ್ಸರ್‌ಗಳ ಕೋಡ್ ಬರೀ ಬೈನರಿ ಗಂಟುಗಳಾಗಿ ಬರುತ್ತೆ. ಗಂಟು ಬಿಚ್ಚಿ ನೋಡುವಂತಿಲ್ಲ. ಅವು ಒಂದು ನಿರ್ದಿಷ್ಟ ಕರ್ನೆಲ್ ಆವೃತ್ತಿಗೆ ಹೊಲಿದ ಬಟ್ಟೆಯ ಹಾಗೆ. ಕರ್ನೆಲ್ ಬದಲಾದರೆ ಮೈಗೆ ಹಿಡಿಯಲ್ಲ. ಹಾಗಾಗಿ ಫೋನು ಹುಟ್ಟಿದ ದಿನದ ಕರ್ನೆಲ್‌ಗೇ ಅಂಟಿಕೊಂಡಿರುತ್ತೆ.

ಎಫ್‌ಎಕ್ಸ್‌ಟೆಕ್ ಪ್ರೊ1 ಕಥೆ ಇದಕ್ಕೆ ಒಳ್ಳೆಯ ಪಾಠ. ಲಂಡನ್ನಿನ ಸಣ್ಣ ಕಂಪನಿ, 2019ರಲ್ಲಿ ಜಾರುವ ಕೀಬೋರ್ಡಿನ ಈ ಫೋನನ್ನು ತಂದಿತು. ಬೂಟ್‌ಲೋಡರ್ ತೆರೆಯಲು ಬಿಟ್ಟಿತು, ಕರ್ನೆಲ್ ಕೋಡ್ ಹೊರಗೆ ಹಾಕಿತು. ಕ್ವಾಲ್‌ಕಾಮ್ ಸ್ನ್ಯಾಪ್‌ಡ್ರ್ಯಾಗನ್ 835 ಚಿಪ್, ಅದಕ್ಕೆ ಲಿನಕ್ಸ್ 4.4 ಕರ್ನೆಲ್. ಆ 4.4 ಹುಟ್ಟಿದ್ದು 2016ರ ಜನವರಿಯಲ್ಲಿ, ಮುಖ್ಯ ಯೋಜನೆ ಅದರ ನಿರ್ವಹಣೆ ನಿಲ್ಲಿಸಿದ್ದು 2022ರ ಫೆಬ್ರವರಿಯಲ್ಲಿ. ಅಂದರೆ ಡಬ್ಬಿ ಬಿಚ್ಚಿದ ದಿನವೇ ಫೋನಿನ ಬುಡದ ಆಯುಷ್ಯ ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಸಣ್ಣ ಕಂಪನಿಗಳ ಗತಿಯೇ ಇದು. ಹೊಸ ಚಿಪ್ ಕೊಳ್ಳುವ ತಾಕತ್ತಿಲ್ಲ, ದೊಡ್ಡವರು ಬಳಸಿ ಬಿಟ್ಟ ಎರಡು ವರ್ಷ ಹಳೆಯ ಚಿಪ್ ಸಿಗುತ್ತೆ. ಚಿಪ್ ತಯಾರಕರಿಗೆ ಕೆಲವು ಸಾವಿರ ಫೋನಿನ ಗಿರಾಕಿ ಲೆಕ್ಕಕ್ಕೇ ಇಲ್ಲ.

ಕಂಪನಿ ಕೊಟ್ಟಿದ್ದು ಆಂಡ್ರಾಯ್ಡ್ 9. ಅದರಾಚೆಗೆ 10, 11 ಮತ್ತು ಮುಂದಿನ ಆವೃತ್ತಿಗಳನ್ನು ಈ ಫೋನಿಗೆ ತಂದದ್ದು ಲೀನಿಯೇಜ್‌ಓಎಸ್‌ನ ಸ್ವಯಂಸೇವಕರು. ಸಾಮಾನ್ಯ ಫೋನಿಗೆ ಇಷ್ಟು ಮಾಡುವುದೇ ಕಷ್ಟ, ಕೀಬೋರ್ಡ್ ಇದ್ದರೆ ಇನ್ನೂ ಒಂದು ಪದರ ಸೇರುತ್ತೆ. ಈ ಫೋನು ಇಂಗ್ಲಿಷ್ ಮತ್ತು ಜರ್ಮನ್ ಎರಡು ಬಗೆಯ ಕೀ ಜೋಡಣೆಯಲ್ಲಿ ಬಂತು. ಯಾವ ಕೀ ಒತ್ತಿದರೆ ಯಾವ ಅಕ್ಷರ, ಎರಡು ಕೀ ಒಟ್ಟಿಗೆ ಒತ್ತಿದರೆ ಏನು, ಮುಚ್ಚಿದಾಗ ಪರದೆ ಹೇಗೆ ತಿರುಗಬೇಕು, ಕತ್ತಲಲ್ಲಿ ಕೀ ಕೆಳಗಿನ ದೀಪ ಯಾವಾಗ ಹತ್ತಬೇಕು, ಇವೆಲ್ಲ ಆಂಡ್ರಾಯ್ಡ್ ಬರೆದವರು ಮರೆತೇಹೋದ ಸಂಗತಿಗಳು. ಅಡ್ಡ ಹಿಡಿದರೆ ಅರ್ಧ ಆ್ಯಪ್‌ಗಳು ಕೆಟ್ಟದಾಗಿ ಕಾಣುತ್ತವೆ. ಇದನ್ನೆಲ್ಲ ಕೂತು ತಿದ್ದಿದ್ದು ಫೋನು ಕೊಂಡವರೇ.

ಇದರ ಎರಡನೇ ಅಧ್ಯಾಯ ಅಷ್ಟು ಚೆಂದವಿಲ್ಲ. 2020ರ ಅಕ್ಟೋಬರ್‌ನಲ್ಲಿ ಅದೇ ಕಂಪನಿ ಪ್ರೊ1-ಎಕ್ಸ್ ಎಂಬ ಹೊಸ ಆವೃತ್ತಿಗೆ ಇಂಡಿಗೋಗೋದಲ್ಲಿ ಜನರಿಂದ ಹಣ ಎತ್ತಿತು. ಲೀನಿಯೇಜ್ ಅಥವಾ ಉಬುಂಟು ಟಚ್ ಹಾಕಿಯೇ ಕೊಡ್ತೀವಿ ಅಂದಿತ್ತು. 2021ರಲ್ಲಿ 835 ಚಿಪ್ಪೇ ಸಿಗುತ್ತಿಲ್ಲ ಅಂತ ಅದಕ್ಕಿಂತ ಕಡಿಮೆ ದರ್ಜೆಯ ಸ್ನ್ಯಾಪ್‌ಡ್ರ್ಯಾಗನ್ 662ಕ್ಕೆ ಬದಲಾಯಿಸಿದರು. ಚಿಪ್ ಬದಲಾದರೆ ಮಾಡಿಟ್ಟ ಸಾಫ್ಟ್‌ವೇರ್ ಕೆಲಸದ ದೊಡ್ಡ ಪಾಲು ಮತ್ತೆ ಮೊದಲಿಂದ. ಫೋನುಗಳು ಹೊರಡಲು ಶುರುವಾದದ್ದು 2022ರಲ್ಲಿ, ಅದೂ ಎಲ್ಲರಿಗೂ ಅಲ್ಲ. ಮುಂಗಡ ಕೊಟ್ಟ ಬಹಳ ಜನ ವರ್ಷಗಟ್ಟಲೆ ಕಾದರು. ಓಪನ್ ಸೋರ್ಸ್ ಅನ್ನೋದು ಸಾಫ್ಟ್‌ವೇರಿನ ಪರವಾನಗಿ, ಕಂಪನಿಯ ನಡತೆಗೆ ಸರ್ಟಿಫಿಕೇಟ್ ಅಲ್ಲ. ಇದನ್ನು ಓಪನ್ ಸೋರ್ಸ್ ಪ್ರೇಮಿಗಳಾದ ನಾವೂ ಕೆಲವೊಮ್ಮೆ ಮರೆಯುತ್ತೇವೆ.

ಲಂಡನ್ನಿನದ್ದೇ ಇನ್ನೊಂದು ಕಂಪನಿ ಪ್ಲಾನೆಟ್ ಕಂಪ್ಯೂಟರ್ಸ್. 2017ರಲ್ಲಿ ಜೆಮಿನಿ, ಮರುವರ್ಷ ಕಾಸ್ಮೊ ಕಮ್ಯುನಿಕೇಟರ್, 2020ರಲ್ಲಿ ಆಸ್ಟ್ರೋ ಸ್ಲೈಡ್, ಮೂರಕ್ಕೂ ಜನರ ಮುಂಗಡವೇ ಬಂಡವಾಳ. ಜೆಮಿನಿಯ ಕೀಬೋರ್ಡ್ ವಿನ್ಯಾಸ ಮಾಡಿದ್ದು ಹಳೆಯ ಸಯಾನ್ ಸೀರೀಸ್ 5 ರೂಪಿಸಿದ ಮಾರ್ಟಿನ್ ರಿಡಿಫರ್ಡ್. ಟೈಪ್ ಮಾಡಿದವರು ಇವತ್ತಿಗೂ ಅದರ ಗುಣಗಾನ ನಿಲ್ಲಿಸಿಲ್ಲ. ಆದರೆ ಮೂರರಲ್ಲೂ ಮೀಡಿಯಾಟೆಕ್ ಚಿಪ್. ಜೆಮಿನಿಯ ಕರ್ನೆಲ್ 3.18. ಜೆಮಿಯನ್ ಅನ್ನೋ ಹೆಸರಲ್ಲಿ ಡೆಬಿಯನ್ ತಂದರು ನಿಜ, ಆದರೆ ಅದು ಓಡಿದ್ದು ಆಂಡ್ರಾಯ್ಡಿನ ಹಳೇ ಡ್ರೈವರುಗಳ ಬೆನ್ನ ಮೇಲೆ ಕೂತು. ಮೇಲ್ಮನೆ ಹೊಸದು, ಪಾಯ ಅದೇ.

ಪ್ರೊ1ಕ್ಕೆ ಮಾತ್ರ ಒಂದು ಸಮಾಧಾನ ಇದೆ. ಸ್ನ್ಯಾಪ್‌ಡ್ರ್ಯಾಗನ್ 835ಕ್ಕೆ ಮುಖ್ಯ ಲಿನಕ್ಸ್‌ನಲ್ಲಿ ಬೆಂಬಲ ಬೆಳೆದಂತೆ ಪ್ರೊ1ರ ವಿವರಣಾ ಫೈಲ್ ಕೂಡ ಕರ್ನೆಲ್‌ಗೆ ಸೇರಿಕೊಂಡಿತು. ಅದೇ ಚಿಪ್ ಬಳಸಿದ ಬೇರೆ ದೊಡ್ಡ ಫೋನುಗಳಿಗಾಗಿ ಯಾರೋ ಮಾಡಿದ ಕೆಲಸದ ಫಲ ಈ ಸಣ್ಣ ಫೋನಿಗೂ ಸಿಕ್ಕಿತು. ನೀರು ಒಂದು ಗದ್ದೆಗೆ ಹಾಯಿಸಿದರೆ ಪಕ್ಕದ ಬದುವಿಗೂ ತಂಪು.

ನುಡಿ ಮತ್ತು ಎಫ್ ಕೀ

ಇದರಲ್ಲಿ ಕನ್ನಡಕ್ಕೇನು ಕೆಲಸ? ಇದೆ, ಅದೂ ನೇರವಾಗಿಯೇ.

ಕೆ.ಪಿ. ರಾವ್ ರೂಪಿಸಿದ, ಸರ್ಕಾರ ಒಪ್ಪಿಕೊಂಡ, ನುಡಿ ತಂತ್ರಾಂಶದಿಂದ ನಾಡಿನ ಕಚೇರಿ, ಪತ್ರಿಕಾಲಯಗಳಿಗೆಲ್ಲ ಹರಡಿದ ಕೀ ಜೋಡಣೆಯನ್ನು ಕಲಿತವರು ನಮ್ಮಲ್ಲಿ ಬಹಳ ಮಂದಿ. ಅವರ ಬೆರಳಿಗೆ ನೆನಪಿದೆ: ಕೆ, ಎನ್, ಎಫ್, ಎನ್, ಡಬ್ಲ್ಯು ಅಂತ ಐದು ಕೀ ಒತ್ತಿದರೆ "ಕನ್ನಡ". ಎಫ್ ಅಂದರೆ ಒತ್ತಕ್ಷರಕ್ಕೆ ಬೇಕಾದ ಅರ್ಧಾಕ್ಷರದ ಗುರುತು. ವ್ಯಂಜನದ ಮುಂದೆ ಇ ಕೀ ಒತ್ತಿದರೆ ಎತ್ವ, ಪದದ ಮೊದಲಲ್ಲಿ ಒತ್ತಿದರೆ ಪೂರ್ಣ "ಎ" ಸ್ವರ. ಅಂದರೆ ಒಂದೇ ಕೀ ಹಿಂದೆ ಏನಿದೆ ಅಂತ ನೋಡಿಕೊಂಡು ಎರಡು ಕೆಲಸ ಮಾಡಬೇಕು.

ಆಂಡ್ರಾಯ್ಡಿನಲ್ಲಿ ನಿಜವಾದ ಕೀಬೋರ್ಡಿಗೆ ಅಕ್ಷರ ಹೊಂದಿಸುವ ನಕ್ಷೆ ಫೈಲುಗಳಿವೆ. ಆದರೆ ಅವು ಕೀಗೊಂದು, ಶಿಫ್ಟ್ ಸೇರಿದರೆ ಇನ್ನೊಂದು ಅಕ್ಷರ ಅಂತ ಕಟ್ಟುವ ಸರಳ ಪಟ್ಟಿ. ಹಿಂದೆ ಏನಿದೆ ಅಂತ ನೋಡುವ ಬುದ್ಧಿ ಅದಕ್ಕಿಲ್ಲ. ಅದಕ್ಕೆ ಬೇರೆ ಇನ್‌ಪುಟ್ ಆ್ಯಪ್ ಬೇಕು. ಮೊಬೈಲಿನ ಕನ್ನಡ ಕೀಬೋರ್ಡ್ ಆ್ಯಪ್‌ಗಳನ್ನು ಬರೆದಿರೋದೇ ಗಾಜಿನ ಪರದೆ ಮುಟ್ಟುವ ಬೆರಳನ್ನು ಮನಸ್ಸಲ್ಲಿಟ್ಟುಕೊಂಡು.

ಈಗ ಡ್ರಾಯ್ಡ್ 4ರಂಥ, ನಿಜವಾದ ಲಿನಕ್ಸ್ ಓಡುವ ಫೋನಿಗೆ ಬನ್ನಿ. ಡೆಸ್ಕ್‌ಟಾಪ್ ಲಿನಕ್ಸ್‌ನಲ್ಲಿ ಕ-ಗ-ಪ ಜೋಡಣೆ ವರ್ಷಗಳ ಹಿಂದೆಯೇ ಸೇರಿದೆ. ಎಂ17ಎನ್ ಎಂಬ ಬಹುಭಾಷಾ ಇನ್‌ಪುಟ್ ಸಂಗ್ರಹದಲ್ಲೂ ಕನ್ನಡದ ನಕ್ಷೆಗಳಿವೆ. ಎಲ್ಲ ಯಾರೋ ಸ್ವಯಂಸೇವಕರು ಬರೆದು ಹಾಕಿದ್ದು. ಫೋನಿನಲ್ಲಿ ಓಡುವುದು ಅದೇ ಲಿನಕ್ಸ್ ಆದರೆ, ಕಂಪ್ಯೂಟರಿಗೆ ಅಂತ ಬರೆದ ಈ ಕನ್ನಡ ಫೋನಿಗೂ ಬರುತ್ತೆ. ಮೊಟೊರೊಲಾದವರು ಕನ್ನಡದ ಬಗ್ಗೆ ಒಂದು ಕ್ಷಣವೂ ಯೋಚಿಸಿರಲಿಕ್ಕಿಲ್ಲ, ಯೋಚಿಸುವ ಅಗತ್ಯವೂ ಬೀಳಲಿಲ್ಲ. ಮುಚ್ಚಿದ ಫೋನಿನಲ್ಲಿ ಸಣ್ಣ ಭಾಷೆಗೆ ಏನು ಸಿಗಬೇಕು ಅನ್ನೋದು ಕಂಪನಿಯ ಮಾರುಕಟ್ಟೆ ವಿಭಾಗದ ದಯೆ. ತೆರೆದ ಫೋನಿನಲ್ಲಿ ಆ ಭಾಷೆಯ ಒಬ್ಬ ಆಸಕ್ತ ಪ್ರೋಗ್ರಾಮರ್ ಸಾಕು. "ಕನ್ನಡಕ್ಕೆ ತಂತ್ರಜ್ಞಾನ" ಅಂತ ನವೆಂಬರ್ ಬಂದಾಗಲೆಲ್ಲ ನಡೆಯುವ ಭಾಷಣಗಳಲ್ಲಿ ಬೂಟ್‌ಲೋಡರ್ ಅನ್ನೋ ಪದ ಬರೋದೇ ಇಲ್ಲ. ಬರಬೇಕು.

ನಮ್ಮದೇ ಕ್ವರ್ಟಿ ಫೋನ್

ಕೀಬೋರ್ಡ್ ಫೋನು ಅಂದರೆ ಲಂಡನ್ನಿನ ಹವ್ಯಾಸಿಗಳ ಆಟಿಕೆ ಅಂತ ಅಂದುಕೊಳ್ಳುವ ಮೊದಲು ಜಿಯೋಫೋನ್ 2 ನೆನಪಿಸಿಕೊಳ್ಳಿ. 2018ರಲ್ಲಿ 2,999 ರೂಪಾಯಿಗೆ ಬಂದಿತ್ತು, ಪೂರ್ತಿ ಕ್ವರ್ಟಿ ಕೀಪ್ಯಾಡ್, ಅಡ್ಡ ಪರದೆ. ಅದರೊಳಗಿನ ಕಾಯ್‌ಓಎಸ್ ಆಕಾಶದಿಂದ ಬಿದ್ದದ್ದಲ್ಲ. ಮೊಜಿಲ್ಲಾ ಕಟ್ಟಿ ಕೈಬಿಟ್ಟ ಫೈರ್‌ಫಾಕ್ಸ್ ಓಎಸ್ ಎಂಬ ಓಪನ್ ಸೋರ್ಸ್ ವ್ಯವಸ್ಥೆಯಿಂದ ಕವಲೊಡೆದದ್ದು. ಬುಡದಲ್ಲಿ ಅದೇ ಲಿನಕ್ಸ್. ಸಾರ್ವಜನಿಕರ ಕೋಡ್ ಮೇಲೆ ಕಟ್ಟಿದ ಫೋನು ಸಾರ್ವಜನಿಕರ ಕೈಗೆ ಬಂದಾಗ ಬೀಗ ಬಿದ್ದಿತ್ತು.

ಆ ಬೀಗದ ಬೆಲೆ ಗೊತ್ತಾಗಿದ್ದು ಆಮೇಲೆ. ಕಾಯ್‌ಓಎಸ್ ಫೋನುಗಳಿಗೆ ವಾಟ್ಸ್ಆ್ಯಪ್ 2024ರ ಜೂನ್‌ನಲ್ಲಿ ಹೊಸ ಡೌನ್‌ಲೋಡ್ ನಿಲ್ಲಿಸಿತು, 2025ರ ಆರಂಭದಲ್ಲಿ ಪೂರ್ತಿ ಕೈಬಿಟ್ಟಿತು. ಪ್ರೊ1 ಇಟ್ಟುಕೊಂಡಿದ್ದ ಯುರೋಪಿನ ಎಂಜಿನಿಯರ್‌ಗೆ ಲೀನಿಯೇಜ್ ಇತ್ತು. ಜಿಯೋಫೋನ್ ಇಟ್ಟುಕೊಂಡಿದ್ದ ಹಳ್ಳಿಯ ಕೂಲಿ ಕೆಲಸದವರಿಗೆ ಇನ್ನೊಂದು ಫೋನು ಕೊಳ್ಳುವುದೊಂದೇ ದಾರಿ. ಸ್ವಯಂಸೇವಕರು ಫೋನು ಉಳಿಸುವುದು ಚೆಂದದ ಕಥೆಯೇ, ಆದರೆ ಅವರು ತಮ್ಮ ಕೈಯಲ್ಲಿರುವ ಫೋನನ್ನೇ ಉಳಿಸುತ್ತಾರೆ. ಪ್ರೋಗ್ರಾಮರುಗಳು ಕೊಳ್ಳದ ಫೋನಿಗೆ ದಿಕ್ಕಿಲ್ಲ. ಈ ವರ್ಗದ ಗೆರೆಯನ್ನು ಓಪನ್ ಸೋರ್ಸ್ ಸಮುದಾಯ ಅಷ್ಟಾಗಿ ಮಾತಾಡೋದಿಲ್ಲ.

ಬೀಗ ಈಗ ಮೇಲ್ಮಹಡಿಗೆ

ಇಷ್ಟು ದಿನ ಜಗಳ ಇದ್ದದ್ದು ಬೂಟ್‌ಲೋಡರ್ ಮತ್ತು ಡ್ರೈವರುಗಳ ಜೊತೆ. ಕಳೆದ ಒಂದೂವರೆ ಎರಡು ವರ್ಷದಲ್ಲಿ ಬೀಗ ಬೇರೆ ಕಡೆಗಳಿಗೂ ಬಿದ್ದಿದೆ.

2025ರ ಮಾರ್ಚ್‌ನಲ್ಲಿ ಗೂಗಲ್ ಆಂಡ್ರಾಯ್ಡ್ ಅಭಿವೃದ್ಧಿಯನ್ನೆಲ್ಲ ಒಳಮನೆಗೆ ಎಳೆದುಕೊಂಡಿತು. ಕೋಡ್ ಹೊರಗೆ ಬರುತ್ತೆ, ಆದರೆ ಎಲ್ಲ ಮುಗಿದ ಮೇಲೆ. ಜೂನ್‌ನಲ್ಲಿ ಆಂಡ್ರಾಯ್ಡ್ 16ರ ಕೋಡ್ ಬಂದಾಗ ಅದರ ಜೊತೆ ಇರುತ್ತಿದ್ದ ಪಿಕ್ಸೆಲ್ ಫೋನುಗಳ ಹೊಂದಿಕೆ ಫೈಲುಗಳು ಇರಲಿಲ್ಲ. ಹವ್ಯಾಸಿ ಡೆವಲಪರುಗಳಿಗೆ ಪಿಕ್ಸೆಲ್ ಅಂದರೆ ಮಾದರಿ ಉತ್ತರಪತ್ರಿಕೆಯ ಹಾಗಿತ್ತು. ಅದನ್ನು ನೋಡಿ ಬೇರೆ ಫೋನುಗಳದ್ದು ಬರೆಯುತ್ತಿದ್ದರು. ಅದೇ ವರ್ಷ ಸ್ಯಾಮ್‌ಸಂಗ್ ತನ್ನ ಒನ್ ಯುಐ 8ರ ಜೊತೆ ಬೂಟ್‌ಲೋಡರ್ ತೆರೆಯುವ ಆಯ್ಕೆಯನ್ನೇ ತೆಗೆದುಹಾಕಿತು.

ಆಗಸ್ಟ್‌ನಲ್ಲಿ ಇನ್ನೊಂದು: ಗೂಗಲ್ ಮಾನ್ಯತೆ ಪಡೆದ ಫೋನುಗಳಲ್ಲಿ, ಪ್ಲೇ ಸ್ಟೋರ್‌ನ ಹೊರಗಿನಿಂದ ಹಾಕಿಕೊಳ್ಳುವ ಆ್ಯಪ್ ಬರೆದವರೂ ಗೂಗಲ್‌ಗೆ ತಮ್ಮ ಗುರುತು ಕೊಟ್ಟು ನೋಂದಾಯಿಸಿಕೊಳ್ಳಬೇಕು. 2026ರ ಸೆಪ್ಟೆಂಬರ್‌ನಿಂದ ಬ್ರೆಜಿಲ್, ಇಂಡೊನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ಗಳಲ್ಲಿ ಶುರು, 2027ರಿಂದ ಉಳಿದ ಕಡೆ ಅಂತ ಘೋಷಣೆ. ಓಪನ್ ಸೋರ್ಸ್ ಆ್ಯಪ್‌ಗಳ ಭಂಡಾರ ಎಫ್-ಡ್ರಾಯ್ಡ್ ಇದು ಜಾರಿಯಾದರೆ ನಮ್ಮ ಕಥೆ ಮುಗಿಯುತ್ತೆ ಅಂತ ಎಚ್ಚರಿಸಿತು. ಗಲಾಟೆ ಆದಮೇಲೆ ಗೂಗಲ್ ಸ್ವಲ್ಪ ಸಡಿಲಿಸಿದೆ. ವಿದ್ಯಾರ್ಥಿಗಳಿಗೆ, ಹವ್ಯಾಸಿಗಳಿಗೆ ಸೀಮಿತ ಖಾತೆ, ಅನುಭವಿಗಳಿಗೆ ಅಪಾಯ ಒಪ್ಪಿಕೊಂಡು ಮುಂದುವರಿಯುವ ದಾರಿ ಕೊಡ್ತೀವಿ ಅಂದಿದೆ. ವಂಚನೆ ಆ್ಯಪ್‌ಗಳ ಕಾಟ ನಿಜ, ಅದರಲ್ಲಿ ದುಡ್ಡು ಕಳಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ. ಆದರೆ ಪರಿಹಾರವಾಗಿ ಯಾರು ಆ್ಯಪ್ ಬರೆಯಬಹುದು ಅನ್ನೋ ಇಡೀ ಜಗತ್ತಿನ ಹಾಜರಿ ಪುಸ್ತಕವನ್ನು ಒಂದು ಖಾಸಗಿ ಕಂಪನಿಯ ಕೈಗೆ ಕೊಡುವುದು ಬೇರೆ ಮಾತು. ಇನ್ನೂರು ಜನ ಬಳಸುವ ಕ-ಗ-ಪ ಕೀಬೋರ್ಡ್ ಆ್ಯಪ್ ಬರೆಯುವ ಹುಡುಗಿ ಮೊದಲು ಗೂಗಲ್ ಬಾಗಿಲು ತಟ್ಟಬೇಕಾ?

ಇದಕ್ಕಿಂತ ದೊಡ್ಡ ಬೀಗ ನಮ್ಮ ದೇಶದಲ್ಲಿ ಬ್ಯಾಂಕ್ ಆ್ಯಪ್‌ಗಳದ್ದು. ಬೂಟ್‌ಲೋಡರ್ ತೆರೆದು ಲೀನಿಯೇಜ್ ಹಾಕಿಕೊಂಡ ಫೋನು ಗೂಗಲ್‌ನ ಪರಿಶೀಲನೆಯಲ್ಲಿ ಪಾಸಾಗುವುದಿಲ್ಲ. ಹಲವು ಬ್ಯಾಂಕ್, ಪಾವತಿ ಆ್ಯಪ್‌ಗಳು ಅಂಥ ಫೋನಿನಲ್ಲಿ ತೆರೆಯಲು ಒಪ್ಪಲ್ಲ. ತರಕಾರಿ ಗಾಡಿಯಿಂದ ಮೆಟ್ರೋ ತನಕ ಯುಪಿಐ ಇರುವ ಊರಲ್ಲಿ ಇದರರ್ಥ ಏನು? 2018ರ ಭದ್ರತಾ ಪ್ಯಾಚ್‌ನಲ್ಲಿ ನಿಂತ, ತೂತುಬಿದ್ದ, ಆದರೆ ಕಂಪನಿಯ ಬೀಗ ಇರುವ ಫೋನು "ಸುರಕ್ಷಿತ". ಹೊಸ ಪ್ಯಾಚ್ ಹಾಕಿಕೊಂಡ, ನೀವೇ ನಿರ್ವಹಿಸುವ ಫೋನು "ಅಪಾಯಕಾರಿ". ಇಲ್ಲಿ ಅಳೆಯುತ್ತಿರುವುದು ಸುರಕ್ಷತೆಯನ್ನಲ್ಲ, ಯಾರ ಸಹಿ ಇದೆ ಅನ್ನೋದನ್ನ.

ಬೀಗವೇ ಬೇಡ ಅಂತ ನಾನು ವಾದಿಸುತ್ತಿಲ್ಲ. ಕದ್ದ ಫೋನಿಗೆ ಯಾರೋ ಬೇರೆ ಸಾಫ್ಟ್‌ವೇರ್ ತುಂಬಬಾರದು, ಸರಿ. ಅದಕ್ಕೂ ದಾರಿ ಇದೆ. ಪಿಕ್ಸೆಲ್ ಫೋನುಗಳಲ್ಲಿ ಮಾಲೀಕರು ಬೀಗ ತೆರೆದು, ತಮಗೆ ಬೇಕಾದ ಸಾಫ್ಟ್‌ವೇರ್ ಹಾಕಿ, ಅದರ ಸಹಿಯ ಕೀಲಿಯನ್ನು ಫೋನಿಗೆ ತಿಳಿಸಿ ಮತ್ತೆ ಬೀಗ ಹಾಕಿಕೊಳ್ಳಬಹುದು. ಗ್ರಾಫೀನ್‌ಓಎಸ್ ನಡೆಯೋದೇ ಹಾಗೆ. ಬೀಗ ಇರಲಿ, ಕೀಲಿಕೈ ದುಡ್ಡು ಕೊಟ್ಟವರ ಬಳಿ ಇರಲಿ.

ಕಾನೂನು ಎಲ್ಲಿದೆ

ಯುರೋಪಿನಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ ಜಾರಿಯಲ್ಲಿದೆ. ಒಂದು ಮಾದರಿಯ ಫೋನಿನ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಆಪರೇಟಿಂಗ್ ಸಿಸ್ಟಂ ಅಪ್‌ಡೇಟ್, ಏಳು ವರ್ಷ ಬಿಡಿಭಾಗ ಕೊಡಬೇಕು. ಒಳ್ಳೆಯ ಹೆಜ್ಜೆಯೇ, ಆದರೆ ಇದರ ಭಾರ ಸಣ್ಣ ಕೀಬೋರ್ಡ್ ಕಂಪನಿಗಳ ಮೇಲೇ ಹೆಚ್ಚು ಬೀಳುತ್ತೆ. ಚಿಪ್ ಕಂಪನಿ ಮೂರು ವರ್ಷಕ್ಕೆ ಕೈಬಿಟ್ಟರೆ ಇವರು ಐದು ವರ್ಷ ಹೇಗೆ ಕೊಡ್ತಾರೆ? ಜವಾಬ್ದಾರಿ ಚಿಪ್ ತಯಾರಕರವರೆಗೆ ಹೋಗಬೇಕು. ಮತ್ತು ಕಂಪನಿಯೇ ಮುಳುಗಿದರೆ ಆ ಐದು ವರ್ಷದ ಭರವಸೆ ಯಾರ ಬಳಿ ಕೇಳೋದು ಅನ್ನೋದಕ್ಕೆ ನಿಯಮದಲ್ಲಿ ಉತ್ತರವಿಲ್ಲ.

ಅಮೆರಿಕದಲ್ಲಿ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ 2021ರ ಅಕ್ಟೋಬರ್‌ನಲ್ಲಿ ವಿಜಿಯೊ ಟಿವಿ ಕಂಪನಿ ಮೇಲೆ ಹೂಡಿದ ಮೊಕದ್ದಮೆ ಇನ್ನೂ ಸ್ವಾರಸ್ಯದ್ದು. ಜಿಪಿಎಲ್ ಕೋಡ್ ಕೇಳುವ ಹಕ್ಕು ಕೋಡ್ ಬರೆದವರಿಗೆ ಮಾತ್ರವಲ್ಲ, ಟಿವಿ ಕೊಂಡ ಗಿರಾಕಿಗೂ ಇದೆ ಅನ್ನೋದು ಅವರ ವಾದ. ಇದು ಗೆದ್ದರೆ ಫೋನ್ ಗಿರಾಕಿಗಳಿಗೂ ಒಂದು ದಾರಿ ತೆರೆಯಬಹುದು.

ನಮ್ಮಲ್ಲಿ? ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಶುರುಮಾಡಿತು. ಮೊಬೈಲ್ ಮತ್ತಿತರ ಎಲೆಕ್ಟ್ರಾನಿಕ್ ವಸ್ತುಗಳಿಗೆ ರಿಪೇರಿ ಸೂಚ್ಯಂಕ ಹೇಗಿರಬೇಕು ಅಂತ ಸಮಿತಿ ಮಾಡಿತು, ಅದು 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಬಿಡಿಭಾಗ, ಬಿಚ್ಚಲು ಬೇಕಾದ ಉಪಕರಣ, ರಿಪೇರಿ ಮಾಹಿತಿ ಇವುಗಳ ಜೊತೆ ಸಾಫ್ಟ್‌ವೇರ್ ಅಪ್‌ಡೇಟನ್ನೂ ಅಂಕ ಕೊಡುವ ಅಂಶವಾಗಿ ಸೇರಿಸಿದ್ದಾರೆ. ಸ್ಕ್ರೂ ಯಾವ ಬಗೆಯದು ಅಂತ ಕೂಡ ನೋಡ್ತಾರೆ. ಒಳಗಿನ ಬೀಗದ ಬಗ್ಗೆಯೂ ಒಂದು ಸಾಲು ಸೇರಿಸೋದು ಕಷ್ಟವೇನಲ್ಲ: ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದ ದಿನ ಕಂಪನಿ ಬೂಟ್‌ಲೋಡರ್ ತೆರೆಯುವ ದಾರಿಯನ್ನು ಮಾಲೀಕರಿಗೆ ಕೊಡಬೇಕು, ಕರ್ನೆಲ್ ಕೋಡ್ ಕೇಳದೇ ಹೊರಗೆ ಹಾಕಿರಬೇಕು. ಇದಕ್ಕೆ ಕಂಪನಿಗೆ ಹೊಸ ಖರ್ಚಿಲ್ಲ. ಬ್ಯಾಂಕ್ ಆ್ಯಪ್ ವಿಷಯದಲ್ಲಿ ರಿಸರ್ವ್ ಬ್ಯಾಂಕ್ ಮತ್ತು ಎನ್‌ಪಿಸಿಐ ಬಾಯಿ ಬಿಡಬೇಕು. ಸಾರ್ವಜನಿಕ ಪಾವತಿ ವ್ಯವಸ್ಥೆಗೆ ಯಾರು ಒಳಗೆ ಬರಬಹುದು ಅಂತ ಒಂದು ಅಮೆರಿಕನ್ ಕಂಪನಿಯ ಪರಿಶೀಲನೆ ತೀರ್ಮಾನಿಸುವುದು ಸರಿಯಾ ಅನ್ನೋದು ರಾಜಕೀಯ ಪ್ರಶ್ನೆ, ಅದನ್ನು ತಾಂತ್ರಿಕ ಅಂತ ಹೇಳಿ ಮೂಲೆಗೆ ತಳ್ಳಿದ್ದೇವೆ.

ಈ ನಡುವೆ ಕೀಬೋರ್ಡ್ ಫೋನುಗಳಿಗೆ ಮತ್ತೆ ಸುಗ್ಗಿ ಬಂದ ಹಾಗಿದೆ. 2025ರಲ್ಲಿ ಯುನಿಹರ್ಟ್ಸ್ ಟೈಟನ್ 2 ಬಂತು. ಹಳೇ ಬ್ಲ್ಯಾಕ್‌ಬೆರಿ ಕ್ಲಾಸಿಕ್‌ನ ಹೊಟ್ಟೆ ತೆಗೆದು ಹೊಸ ಬೋರ್ಡ್ ಹಾಕಿ ಜಿನ್ವಾ ಕ್ಯೂ25 ಅಂತ ಮಾರುತ್ತಿದ್ದಾರೆ. ಸಾಫ್ಟ್‌ವೇರ್ ಬೀಗ ಒಡೆಯಲಾಗದೆ ಇಡೀ ಮದರ್‌ಬೋರ್ಡನ್ನೇ ಕಿತ್ತು ಹಾಕುವುದು ಸುಲಭ ಅನ್ನಿಸಿದೆ ನೋಡಿ. 2026ರ ಜನವರಿಯಲ್ಲಿ ಕ್ಲಿಕ್ಸ್ ಕಂಪನಿ ಕಮ್ಯುನಿಕೇಟರ್ ಅನ್ನೋ ಫೋನನ್ನು ಘೋಷಿಸಿತು. ಮುಂಗಡ ಕೊಡಲು ಹೊರಟ ಗೆಳೆಯ ಗೆಳತಿಯರಿದ್ದರೆ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳುವ ಮೊದಲು ಮೂರು ವಿಷಯ ವಿಚಾರಿಸಲು ಹೇಳಿ: ಬೂಟ್‌ಲೋಡರ್ ತೆರೆಯಲು ಬಿಡ್ತಾರಾ, ಕರ್ನೆಲ್ ಕೋಡ್ ಈಗಾಗಲೇ ಎಲ್ಲಿ ಸಿಗುತ್ತೆ, ಆ ಚಿಪ್ಪಿಗೆ ಮುಖ್ಯ ಲಿನಕ್ಸ್‌ನಲ್ಲಿ ಬೆಂಬಲ ಇದೆಯಾ. "ಮುಂದೆ ಕೊಡ್ತೀವಿ" ಅನ್ನೋ ಉತ್ತರ ಬಂದರೆ, ಪ್ರೊ1-ಎಕ್ಸ್‌ಗೆ ದುಡ್ಡು ಕಟ್ಟಿ ಕಾದವರಿಗೆ ಸಿಕ್ಕಿದ್ದೂ ಅದೇ ಉತ್ತರ.